ಹೆಸರು ಹಿಡಿದು ಕರೆಯುವುದು

ಶಾಲೆಯಲ್ಲಿ ಹೊಸ ವರ್ಷದ ಪಾಠಗಳು ಆರಂಭವಾದ ಮೊದಲ ವಾರದಲ್ಲಿ ಉಪಾಧ್ಯಾಯನಾದವನಿಗೆ ಒದಗುವ ಪೇಚಾಟವೊಂದುಂಟು. ಎದುರಿಗೆ ನಲವತ್ತು ಐವತ್ತು ಮಂದಿ ಹುಡುಗರು ಕುಳಿತಿರುತ್ತಾರೆ. ಒಬ್ಬರ ಹೆಸರೂ ತಿಳಿಯದು. "ಏಳಪ್ಪಾ ನೀನು" ಎಂದು ಬೆರಳು ಚಾಚಿದರೆ ಮೂವರು ಏಳುತ್ತಾರೆ. "ನೀನಲ್ಲ, ನಿನ್ನ ಹಿಂದಿನವನು" ಎಂದರೆ ಹಿಂದಿನ ಸಾಲಿನಲ್ಲಿ ಗುಸುಗುಸು ಹುಟ್ಟುತ್ತದೆ. ಹೆಸರುಗಳು ನಾಲಿಗೆಗೆ ಬಂದ ಮೇಲೆ ಈ ತೊಂದರೆ ಇರುವುದಿಲ್ಲ. ಕರಿಹಲಗೆಯ ಕಡೆಗೆ ಮುಖಮಾಡಿಕೊಂಡೇ ಹೆಸರು ಹಿಡಿದು ಕರೆದರೂ ಬೇಕಾದ ಹುಡುಗನೇ ಎದ್ದು ನಿಲ್ಲುತ್ತಾನೆ.

ಬೆರಳು ತೋರಿಸುವುದಕ್ಕೂ ಹೆಸರು ಹಿಡಿಯುವುದಕ್ಕೂ ಇರುವ ಈ ಅಂತರವು ಇಂದು ಅನೇಕ ಮನೆಗಳಲ್ಲಿರುವ ಕಂಪ್ಯೂಟರಿನ ವಿಷಯದಲ್ಲಿಯೂ ಹಾಗೆಯೇ ಸಲ್ಲುವುದೆಂಬುದನ್ನು ನಾವು ತಡವಾಗಿ ಅರಿತೆವು. ಅದನ್ನು ವಾಚಕರಿಗೆ ಅರಿಕೆ ಮಾಡುವುದೇ ಈ ಲೇಖನದ ಉದ್ದೇಶ. ವಿಷಯವು ಯಂತ್ರದ್ದಾದರೂ ಗೃಹಸ್ಥರಿಗೂ ಗೃಹಿಣಿಯರಿಗೂ ಇದರಲ್ಲಿ ಪ್ರಯೋಜನವುಂಟೆಂದು ನಮ್ಮ ನಂಬಿಕೆ.

ಕಂಪ್ಯೂಟರಿನ ಮುಂದೆ ಕುಳಿತವರು ಸಾಮಾನ್ಯವಾಗಿ ಮಾಡುವುದೇನು? ಬಲಗೈಯಲ್ಲಿ ಮೌಸನ್ನು ಹಿಡಿಯುತ್ತಾರೆ. ತೆರೆಯ ಮೇಲಿನ ಬಾಣದ ಗುರುತನ್ನು ಅತ್ತಿತ್ತ ಸರಿಸುತ್ತಾರೆ. ಐಕಾನುಗಳೆನ್ನುವ ಸಣ್ಣ ಚಿತ್ರಗಳ ಗುಂಪಿನಲ್ಲಿ ಬೇಕಾದುದನ್ನು ಕಣ್ಣಿನಿಂದ ಹುಡುಕಿ, ಅದರ ಮೇಲೆ ಬಾಣವನ್ನು ನಿಲ್ಲಿಸಿ, ಗುಂಡಿಯನ್ನು ಒತ್ತುತ್ತಾರೆ. ಚಿತ್ರವು ಎದುರಿಗೆ ಇಲ್ಲದಿದ್ದರೆ ಮೆನುವನ್ನು ತೆರೆಯಬೇಕು. ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಇಳಿಯಬೇಕು. ಇದು ಬೆರಳು ತೋರಿಸುವ ಕ್ರಮ. ಕಣ್ಣು ನಿರ್ಮಲವಾಗಿಯೂ ಕೈ ಸ್ಥಿರವಾಗಿಯೂ ಇರುವವರೆಗೆ ಇದರಲ್ಲಿ ಯಾವ ಕಷ್ಟವೂ ತೋರುವುದಿಲ್ಲ.

ನಮಗೆ ಎರಡು ವರ್ಷಗಳಿಂದ ಬಲಗೈಯಲ್ಲಿ ನಡುಕವು ಸೇರಿಕೊಂಡಿದೆ. ಲೋಟವನ್ನು ಎರಡು ಕೈಗಳಿಂದ ಹಿಡಿದರೆ ಕಾಫಿ ಚೆಲ್ಲುವುದಿಲ್ಲ. ಆದರೆ ಮೌಸನ್ನು ಎರಡು ಕೈಗಳಿಂದ ಹಿಡಿಯುವಂತಿಲ್ಲ. ಬಾಣವು ಗುರಿಯನ್ನು ಮುಟ್ಟುವಷ್ಟರಲ್ಲಿ ಪಕ್ಕಕ್ಕೆ ಜಾರುವುದು. ಒಂದನ್ನು ಒತ್ತಲು ಹೋದರೆ ನೆರೆಯದು ತೆರೆದುಕೊಳ್ಳುವುದು. ಒಂದು ದಿನವಂತೂ ನಾವು ಹಲವು ವರ್ಷಗಳಿಂದ ಬರೆಯುತ್ತಿದ್ದ ವ್ಯಾಕರಣದ ಟಿಪ್ಪಣಿಗಳ ಕಡತವು, ಗುಂಡಿಯನ್ನು ಒತ್ತಿದ್ದಾಗ ಕೈ ನಡುಗಿದ ಕಾರಣದಿಂದ, ಜಾರಿಹೋಗಿ ಬೇರೊಂದು ಸಂಪುಟದೊಳಗೆ ಸೇರಿಬಿಟ್ಟಿತು. ಎರಡು ದಿನ ಹುಡುಕಿದೆವು. ಸಿಕ್ಕಿತು, ನಿಜ, ಆದರೆ ಇನ್ನು ಈ ಯಂತ್ರದ ಸಹವಾಸವು ಸಾಕು, ಟಿಪ್ಪಣಿಗಳು ಇದ್ದಷ್ಟಕ್ಕೆ ನಿಲ್ಲಲಿ, ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೆವು.

ದಸರೆಯ ರಜೆಗೆ ಬಂದಿದ್ದ ನಮ್ಮ ಮಗಳು ಇದನ್ನು ಕೇಳಿದಳು. ಅವಳು ಕಂಪ್ಯೂಟರುಗಳ ಕೆಲಸದಲ್ಲಿರುವವಳು. "ಅಪ್ಪಾ, ನೀವು ಶಾಲೆಯಲ್ಲಿ ಹುಡುಗರನ್ನು ಬೆರಳು ತೋರಿಸಿ ಕರೆಯುತ್ತಿದ್ದಿರಾ, ಹೆಸರು ಹಿಡಿದು ಕರೆಯುತ್ತಿದ್ದಿರಾ?" ಎಂದು ಕೇಳಿದಳು. ಇದಕ್ಕೇನು ಉತ್ತರವೆಂದು ನಾವು ಸುಮ್ಮನಿದ್ದೆವು. ಅವಳು ಕೀಲಿಮಣೆಯ ಎರಡು ಕೀಗಳನ್ನು ಒಟ್ಟಿಗೆ ಒತ್ತಿದಳು. ತೆರೆಯ ಮೇಲ್ತುದಿಯಲ್ಲಿ ಒಂದೇ ಗೆರೆಯಷ್ಟು ಅಗಲದ ಪಟ್ಟಿಯೊಂದು ಕಾಣಿಸಿಕೊಂಡಿತು. ಬರೆಯುವ ತಂತ್ರಾಂಶದ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಒತ್ತಿ, ಎಂಟರ್ ಕೀಯನ್ನು ಒತ್ತಿದಳು. ತಂತ್ರಾಂಶವು ತೆರೆದುಕೊಂಡಿತು. ಮೌಸು ಮೇಜಿನ ಮೂಲೆಯಲ್ಲಿ ಇದ್ದಲ್ಲಿಯೇ ಇತ್ತು.

ಇಂತಹ ಉಪಕರಣಕ್ಕೆ ಲಾಂಚರ್ ಎಂದು ಹೆಸರು. ನಮ್ಮ ಮನೆಯಲ್ಲಿ ಇದನ್ನು ನಾವು 'ಕರೆಪಟ್ಟಿ' ಎನ್ನುವೆವು. ಈ ಲೇಖನದಲ್ಲಿಯೂ ಆ ಮಾತನ್ನೇ ಬಳಸಲು ವಾಚಕರು ಅಪ್ಪಣೆ ಕೊಡಬೇಕು.

ಇದರ ಮರ್ಮವು ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಕಥೆಯನ್ನು ಹೇಳಬೇಕಾಗುತ್ತದೆ. ಮೊದಲ ಕಾಲದಲ್ಲಿ ಕಂಪ್ಯೂಟರಿಗೆ ಏನನ್ನು ಹೇಳಬೇಕಾದರೂ ಅಕ್ಷರಗಳಲ್ಲಿಯೇ ಹೇಳಬೇಕಾಗಿದ್ದಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಆರಂಭವಾದ ಯುನಿಕ್ಸ್ ಎಂಬ ವ್ಯವಸ್ಥೆಯಾಗಲಿ, ೧೯೮೧ರಲ್ಲಿ ಬಂದ ಎಂಎಸ್-ಡಾಸ್ ಆಗಲಿ, ಆಜ್ಞೆಯ ಹೆಸರನ್ನು ತಪ್ಪಿಲ್ಲದೆ ಬರೆದರೆ ಮಾತ್ರ ನಡೆದುಕೊಳ್ಳುತ್ತಿದ್ದವು. ಒಂದಕ್ಷರ ಹೆಚ್ಚುಕಡಿಮೆಯಾದರೆ ಅಂತಹ ಆಜ್ಞೆಯಿಲ್ಲವೆಂಬ ಉತ್ತರವೇ ಬರುತ್ತಿದ್ದಿತು. ಪೂರ್ಣವಾಗಿ ಬಾಯಿಪಾಠ ಮಾಡಿದವರಿಗೆ ಅದು ಸುಲಭ. ಉಳಿದವರಿಗೆ ಬಾಗಿಲು ಮುಚ್ಚಿದಂತೆಯೇ.

ಈ ಬಾಗಿಲನ್ನು ತೆರೆದದ್ದು ಮೌಸು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿದ್ದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರು ಅದನ್ನು ಯೋಚಿಸಿದರು. ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಎಂಬವರು ೧೯೬೪ರಲ್ಲಿ ಮರದ ಕವಚವಿದ್ದ ಮೊದಲ ಮೌಸನ್ನು ಮಾಡಿಕೊಟ್ಟರು. ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಎಂಗೆಲ್‌ಬಾರ್ಟರು ಅದನ್ನು ಸಭೆಯ ಮುಂದೆ ತೋರಿಸಿದರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ದಿನ ಅವರ ಬಲಗೈಯಲ್ಲಿ ಮೌಸು ಇದ್ದರೆ ಎಡಗೈಯ ಕೆಳಗೆ ಐದು ಕೀಗಳ ಸಣ್ಣದೊಂದು ಮಣೆಯಿತ್ತು. ನಡುವೆ ಪೂರ್ಣ ಕೀಲಿಮಣೆಯೂ ಇತ್ತು. ಮೌಸಿನ ಜನಕರೇ ಕೀಗಳನ್ನು ಕೈಬಿಟ್ಟಿರಲಿಲ್ಲವೆಂದಾಯಿತು.

ಅನಂತರ ೧೯೭೩ರಲ್ಲಿ ಜೆರಾಕ್ಸ್ ಸಂಸ್ಥೆಯ ಆಲ್ಟೋ, ೧೯೮೪ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂತಾಶ್, ೧೯೯೫ರಲ್ಲಿ ಸ್ಟಾರ್ಟ್ ಎಂಬ ಗುಂಡಿಯನ್ನು ಮೂಲೆಯಲ್ಲಿ ಇಟ್ಟುಕೊಂಡು ಬಂದ ವಿಂಡೋಸ್ ೯೫, ಹೀಗೆ ಚಿತ್ರಗಳೂ ಮೆನುಗಳೂ ಮನೆಮನೆಗೆ ಬಂದವು. ಮೆನುವಿನ ಉಪಕಾರವನ್ನು ಮರೆಯಬಾರದು. ಹೋಟೆಲಿಗೆ ಹೊಸಬನಾಗಿ ಹೋದವನು ತಿಂಡಿಯ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದುತ್ತಾನೆ. ಅಲ್ಲಿ ಏನೇನು ದೊರೆಯುವುದೆಂಬುದು ಅವನಿಗೆ ಪಟ್ಟಿಯಿಂದಲೇ ತಿಳಿಯಬೇಕು. ಆದರೆ ಹತ್ತು ವರ್ಷದಿಂದ ಅದೇ ಹೋಟೆಲಿಗೆ ಹೋಗುತ್ತಿರುವವನು ಪಟ್ಟಿಯನ್ನು ನೋಡುವನೆ? ಕುಳಿತುಕೊಳ್ಳುವಾಗಲೇ "ಒಂದು ಮಸಾಲೆ" ಎನ್ನುತ್ತಾನೆ. ಮಸಾಲೆ ಎಂದರೆ ಮಸಾಲೆದೋಸೆಯೆಂದು ಮಾಣಿಗೆ ಗೊತ್ತು. ಪೂರ್ತಿ ಹೆಸರನ್ನು ಹೇಳುವ ಶ್ರಮವಿಲ್ಲ, ಪಟ್ಟಿಯನ್ನು ಓದುವ ಶ್ರಮವೂ ಇಲ್ಲ. ಕರೆಪಟ್ಟಿಯು ಇಂತಹ ಮಾಣಿಯೇ ಸರಿ.

ನಮ್ಮ ಮಗಳು ಮೊದಲು ತೋರಿಸಿದ ಕರೆಪಟ್ಟಿಯ ಹೆಸರು ಡಿಮೆನು. ಲಿನಕ್ಸ್ ಮುಂತಾದ ವ್ಯವಸ್ಥೆಗಳಿಗಾಗಿ, ತಂತ್ರಾಂಶಗಳು ಚಿಕ್ಕವಾಗಿಯೂ ಸರಳವಾಗಿಯೂ ಇರಬೇಕೆಂದು ಸಾಧಿಸುವ ಸಕ್‌ಲೆಸ್ ಎಂಬ ಬಳಗದವರು ೨೦೦೬ರಲ್ಲಿ ಇದನ್ನು ಹೊರತಂದರು. ಇದು ಮಾಡುವ ಕೆಲಸವು ಇಷ್ಟೇ. ಸಾಲಿಗೊಂದರಂತೆ ಹೆಸರುಗಳಿರುವ ಒಂದು ಪಟ್ಟಿಯನ್ನು ಒಳಗೆ ತೆಗೆದುಕೊಳ್ಳುತ್ತದೆ. ನಾವು ಒಂದು ಅಕ್ಷರವನ್ನು ಒತ್ತಿದೊಡನೆ ಆ ಅಕ್ಷರವಿಲ್ಲದ ಹೆಸರುಗಳೆಲ್ಲ ಮರೆಯಾಗುತ್ತವೆ. ಎರಡನೆಯದನ್ನು ಒತ್ತಿದರೆ ಇನ್ನಷ್ಟು ಮರೆಯಾಗುತ್ತವೆ. ಮೂರು ನಾಲ್ಕು ಅಕ್ಷರಗಳಾಗುವಷ್ಟರಲ್ಲಿ ಸಾಮಾನ್ಯವಾಗಿ ಒಂದೆರಡು ಹೆಸರುಗಳು ಮಾತ್ರ ಉಳಿಯುತ್ತವೆ. ಎಂಟರ್ ಕೀಯನ್ನು ಒತ್ತಿದರೆ ಆರಿಸಿದ ಹೆಸರನ್ನು ಹೊರಗೆ ಕೊಟ್ಟು, ತಾನು ಮರೆಯಾಗುತ್ತದೆ. ಒತ್ತಿದ ಅಕ್ಷರಗಳಿಗೆ ಪೂರ್ತಿಯಾಗಿ ಸರಿಹೊಂದುವ ಹೆಸರು ಮೊದಲು, ಆ ಅಕ್ಷರಗಳಿಂದ ಆರಂಭವಾಗುವ ಹೆಸರುಗಳು ಆಮೇಲೆ, ನಡುವಿನಲ್ಲೆಲ್ಲಿಯೋ ಆ ಅಕ್ಷರಗಳುಳ್ಳ ಹೆಸರುಗಳು ಕೊನೆಗೆ, ಎಂಬುದಾಗಿ ಸಾಲನ್ನು ಜೋಡಿಸುತ್ತದೆ.

ಆ ಪಟ್ಟಿಯಲ್ಲಿರುವ ಹೆಸರುಗಳು ಯಾವುವೆಂಬ ವಿಚಾರವು ಡಿಮೆನುವಿಗೆ ಸೇರಿದ್ದಲ್ಲ. ತಂತ್ರಾಂಶಗಳ ಪಟ್ಟಿಯನ್ನು ಕೊಟ್ಟರೆ ತಂತ್ರಾಂಶವನ್ನು ಆರಿಸಬಹುದು. ಕಡತಗಳ ಪಟ್ಟಿಯನ್ನು ಕೊಟ್ಟರೆ ಕಡತವನ್ನು. ಬೇಕೆಂದರೆ ಅಡಿಗೆಯ ಬರಹಗಳ ಪಟ್ಟಿಯನ್ನೂ ಕೊಡಬಹುದು. ಒಂದು ತಂತ್ರಾಂಶದಿಂದ ಹೊರಬಂದುದನ್ನು ಕೊಳಾಯಿಯಲ್ಲಿ ನೀರು ಹರಿಸಿದಂತೆ ಇನ್ನೊಂದರೊಳಕ್ಕೆ ಹರಿಸುವ ಉಪಾಯವೇ ಇದಕ್ಕೆ ಆಧಾರ. ಬೆಲ್ ಪ್ರಯೋಗಶಾಲೆಯ ಡಗ್ಲಸ್ ಮೆಕಿಲ್‌ರಾಯ್ ಅವರು ಈ ಉಪಾಯವನ್ನು ಸೂಚಿಸಿದರು. ಕೆನ್ ಥಾಂಪ್ಸನ್ ಅವರು ೧೯೭೩ರಲ್ಲಿ ಅದನ್ನು ಯುನಿಕ್ಸಿನಲ್ಲಿ ಜಾರಿಗೆ ತಂದರು. ನಮ್ಮ ಮಗಳು ಕೆಲವೇ ಸಾಲುಗಳನ್ನು ಬರೆದು, ನಮ್ಮ ಕಡತಗಳೆಲ್ಲದರ ಹೆಸರೂ ಕರೆಪಟ್ಟಿಗೆ ಬರುವಂತೆ ಮಾಡಿಕೊಟ್ಟಳು.

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇದನ್ನು ಕಂಡೊಡನೆ ಪಾಣಿನಿಯ ನೆನಪಾಗದೆ ಇರದು. ಅಕ್ಷರಗಳನ್ನೆಲ್ಲ ಹದಿನಾಲ್ಕು ಸಣ್ಣ ಸೂತ್ರಗಳಲ್ಲಿ ಜೋಡಿಸಿ, ಒಂದು ಗುಂಪನ್ನು ಹೇಳಬೇಕಾದಾಗ ಅದರ ಮೊದಲ ಅಕ್ಷರವನ್ನೂ ಕೊನೆಯ ಗುರುತಿನಕ್ಷರವನ್ನೂ ಸೇರಿಸಿ ಹೇಳುವುದು ಅಲ್ಲಿಯ ಕ್ರಮ. 'ಅಚ್' ಎಂದರೆ ಸ್ವರಗಳೆಲ್ಲವೂ ಆದವು; 'ಹಲ್' ಎಂದರೆ ವ್ಯಂಜನಗಳೆಲ್ಲವೂ ಆದವು. ಇದಕ್ಕೆ ಪ್ರತ್ಯಾಹಾರವೆಂದು ಹೆಸರು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಅಡಗಿಸಲು ಸಾಧ್ಯವಾದದ್ದು ಇಂತಹ ಮಿತವ್ಯಯದಿಂದ. ಕರೆಪಟ್ಟಿಯ ಮೂರು ಅಕ್ಷರಗಳು ಪ್ರತ್ಯಾಹಾರದ ನಿಯಮವನ್ನು ಅನುಸರಿಸುವುದಿಲ್ಲವಾದರೂ ಸ್ವಲ್ಪವನ್ನು ಹೇಳಿ ಹೆಚ್ಚನ್ನು ಕರೆಯುವ ಗುಣವು ಎರಡಕ್ಕೂ ಸಮಾನ. ಇನ್ನೊಂದು ಗುಣವೂ ಸಮಾನವೇ: ಹದಿನಾಲ್ಕು ಸೂತ್ರಗಳು ಬಾರದವನಿಗೆ 'ಅಚ್' ಎಂಬುದು ಬರಿಯ ಸದ್ದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಇದರ ಫಲವನ್ನು ನಾವು ಮುಂದೆ ಅನುಭವಿಸಿದೆವು.

ಇದರಿಂದ ಉಳಿಯುವ ಕಾಲವೆಷ್ಟು? ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಆಲೆನ್ ನ್ಯೂಯೆಲ್ ಎಂಬ ಮೂವರು ವಿದ್ವಾಂಸರು ೧೯೮೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂತಹ ಕೆಲಸಗಳ ಕಾಲವನ್ನು ಲೆಕ್ಕಹಾಕುವ ಬಗೆಯನ್ನು ಹೇಳಿದ್ದಾರೆ. ಮೌಸಿನಿಂದ ಒಂದು ಗುರಿಯನ್ನು ಮುಟ್ಟಲು ಸರಾಸರಿ ೧.೧ ಸೆಕೆಂಡು; ಕೈಯನ್ನು ಕೀಲಿಮಣೆಯಿಂದ ಮೌಸಿಗೆ, ಅಥವಾ ಮೌಸಿನಿಂದ ಕೀಲಿಮಣೆಗೆ ಒಯ್ಯಲು ೦.೪ ಸೆಕೆಂಡು, ಸಾಧಾರಣ ಅಭ್ಯಾಸವಿರುವವರಿಗೆ ಒಂದು ಕೀಯನ್ನು ಒತ್ತಲು ೦.೨೮ ಸೆಕೆಂಡು. ಮೆನುವಿನಲ್ಲಿ ಮೂರು ಗುರಿಗಳನ್ನು ಮುಟ್ಟಿ ಕೈಯನ್ನು ಹಿಂದಕ್ಕೆ ತರಲು, ಗುಂಡಿಯನ್ನು ಒತ್ತುವ ಹೊತ್ತನ್ನು ಬಿಟ್ಟರೂ, ೪.೧ ಸೆಕೆಂಡುಗಳಾಗುತ್ತವೆ. ಕರೆಪಟ್ಟಿಯನ್ನು ತೆರೆಯಲು ಎರಡು, ಅಕ್ಷರಗಳಿಗೆ ಮೂರು, ಎಂಟರ್ ಒಂದು, ಹೀಗೆ ಆರು ಕೀಗಳಿಗೆ ೧.೬೮ ಸೆಕೆಂಡು. ಉಳಿತಾಯವು ೨.೪೨ ಸೆಕೆಂಡು. ದಿನವಿಡೀ ಯಂತ್ರದ ಮುಂದೆ ದುಡಿಯುವವರಿಗೆ ಇದು ದೊಡ್ಡದಿರಬಹುದು. ನಿವೃತ್ತರಾದ ನಮಗೆ ಸೆಕೆಂಡುಗಳ ಕೊರತೆಯಿಲ್ಲ.

ನಮಗೆ ಮುಖ್ಯವಾದದ್ದು ಬೇರೆಯದು. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೫೪ರಲ್ಲಿ ಒಂದು ನಿಯಮವನ್ನು ತೋರಿಸಿಕೊಟ್ಟರು: ಗುರಿಯು ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕು. ತೆರೆಯ ಮೇಲಿನ ಚಿತ್ರವು ಚಿಕ್ಕದು, ದೂರದ್ದು, ಬಾಣವು ಜಾರುವಂಥದು. ಕೀಲಿಮಣೆಯ ಕೀಯು ಬೆರಳಿನ ತುದಿಯಷ್ಟು ಅಗಲವಾದದ್ದು, ಕೈಯ ಕೆಳಗೇ ಇರುವುದು, ಅಲುಗದೆ ನಿಲ್ಲುವುದು. ನಡುಗುವ ಕೈ ಕೂಡ ಅದರ ಮೇಲೆ ಊರಿಕೊಂಡು ನಿಲ್ಲಬಲ್ಲದು. ತಪ್ಪು ಅಕ್ಷರವನ್ನು ಒತ್ತಿದರೆ ಅಳಿಸಿ ಮತ್ತೆ ಒತ್ತಬಹುದು. ಎಂಟರ್ ಒತ್ತುವವರೆಗೆ ಏನೂ ಕೆಡುವುದಿಲ್ಲ. ಕಡತವು ಜಾರಿ ಬೇರೆಡೆಗೆ ಹೋಗುವ ಭಯವಂತೂ ಇಲ್ಲವೇ ಇಲ್ಲ. ನಿಲ್ಲಿಸಿದ್ದ ಟಿಪ್ಪಣಿಗಳನ್ನು ನಾವು ಆ ವಾರವೇ ಮತ್ತೆ ಕೈಗೆತ್ತಿಕೊಂಡೆವು.

ಇನ್ನು ನಮ್ಮ ಕನ್ನಡದ ಸಂಗತಿ. ನಾವು ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡುವ ವಾಡಿಕೆಯುಳ್ಳವರು. ೧೯೯೧ರಲ್ಲಿ ಹೊರಬಂದ ಯುನಿಕೋಡ್ ಎಂಬ ಅಕ್ಷರಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದರಿಂದ ಯಂತ್ರಕ್ಕೆ ಆ ಹೆಸರುಗಳು ತಿಳಿಯುತ್ತವೆ. ಆದರೆ ತಿಳಿಯುವುದು ಬೇರೆ, ಸರಿಯಾಗಿ ಬರೆದು ತೋರಿಸುವುದು ಬೇರೆ. ಡಿಮೆನು ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಇಡುವುದಲ್ಲದೆ ಅವುಗಳನ್ನು ಕೂಡಿಸಿ ರೂಪಿಸುವ ಕೆಲಸಕ್ಕೆ ಹೋಗುವುದಿಲ್ಲ. ಇಂಗ್ಲಿಷಿಗೆ ಅಷ್ಟೇ ಸಾಕು. ನಮ್ಮ ಒತ್ತಕ್ಷರಗಳು ಮಾತ್ರ ಕೆಳಗೆ ಸೇರದೆ ಬಿಡಿಬಿಡಿಯಾಗಿ ಬೀಳುತ್ತವೆ. 'ಅಕ್ಷರ' ಎಂಬ ಮಾತೇ ಒಡೆದುಹೋಗಿ ನಿಂತದ್ದನ್ನು ಕಂಡು ನಾವು ಮುಖ ಹಿಂಡಿದೆವು. ಆಗ ಮಗಳು ರೋಫಿ ಎಂಬ ಇನ್ನೊಂದು ಕರೆಪಟ್ಟಿಯನ್ನು ಹಾಕಿಕೊಟ್ಟಳು. ಇದು ಪ್ಯಾಂಗೋ ಎಂಬ ಅಕ್ಷರವಿನ್ಯಾಸದ ತಂತ್ರಾಂಶವನ್ನು ಅವಲಂಬಿಸಿರುವುದರಿಂದ ಒತ್ತುಗಳೂ ಗುಣಿತಗಳೂ ತಮ್ಮ ತಮ್ಮ ಸ್ಥಾನದಲ್ಲಿ ಕೂಡುತ್ತವೆ. ತೆರೆದಿರುವ ಕಿಟಕಿಗಳಲ್ಲಿ ಬೇಕಾದುದಕ್ಕೆ ಹೋಗುವುದಕ್ಕೂ ಇದೇ ಪಟ್ಟಿ ಸಾಕು. ಹೆಚ್ಚಾಗಿ ಕರೆಯುವ ತಂತ್ರಾಂಶಗಳನ್ನು ನೆನಪಿಟ್ಟುಕೊಂಡು ಮುಂದಕ್ಕೆ ತರುವ ಗುಣವೂ ಇದಕ್ಕುಂಟು.

ಕನ್ನಡದ ಅಕ್ಷರಗಳನ್ನು ಒತ್ತುವುದಕ್ಕೆ ನಾವು ಬಳಸುವುದು ಕಗಪ ವಿನ್ಯಾಸ. ನಾಡೋಜ ಕೆ. ಪಿ. ರಾವ್ ಅವರು ರೂಪಿಸಿದ ಕ್ರಮವೇ ಇದಕ್ಕೆ ಮೂಲ. ಕರ್ನಾಟಕ ಸರ್ಕಾರವು ಇದಕ್ಕೆ ಮಾನ್ಯತೆಯನ್ನು ಕೊಟ್ಟಿದೆ. ಇಂಗ್ಲಿಷಿನ ಕೀಲಿಮಣೆಯಲ್ಲಿಯೇ, ಧ್ವನಿಗೆ ಹತ್ತಿರವಾದ ಕೀಯನ್ನು ಒತ್ತಿ ಕನ್ನಡವನ್ನು ಬರೆಯಬಹುದು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಕೀಲಿಮಣೆಯು ಇಂಗ್ಲಿಷಿನಲ್ಲಿ ನಿಂತಿರುವಾಗ ಕನ್ನಡದ ಹೆಸರನ್ನು ಕರೆದರೆ ಯಾರೂ ಓಗೊಡುವುದಿಲ್ಲ. ಮೊದಲು ಭಾಷೆಯನ್ನು ಬದಲಿಸಿಕೊಳ್ಳಬೇಕು.

ಇಷ್ಟು ಅನುಕೂಲವಾದ ಮೇಲೆ ನಮಗೆ ಸ್ವಲ್ಪ ಹೆಮ್ಮೆಯೂ ಬಂದಿತು. ಹೆಮ್ಮೆಗೆ ತಕ್ಕ ಪಾಠವೂ ಬೇಗನೆ ಒದಗಿತು.

ನಡುಕದ ಕಾರಣವನ್ನು ತಿಳಿಯಲು ವೈದ್ಯರಲ್ಲಿಗೆ ಹೋಗಿದ್ದೆವು. ಥೈರಾಯ್ಡ್ ಗ್ರಂಥಿಯು ಅತಿಯಾಗಿ ಕೆಲಸ ಮಾಡಿದರೂ ಕೈ ನಡುಗುವುದುಂಟಾದ್ದರಿಂದ ಹಿಂದೆ ಮಾಡಿಸಿದ್ದ ರಕ್ತಪರೀಕ್ಷೆಯ ವರದಿಯನ್ನು ಅವರು ಕೇಳಿದರು. ಅದು ಮನೆಯ ಕಂಪ್ಯೂಟರಿನಲ್ಲಿತ್ತು. ನಮ್ಮ ಮನೆಯವರಿಗೆ ಫೋನು ಮಾಡಿ, ಕರೆಪಟ್ಟಿಯನ್ನು ತೆರೆದು ವರದಿಯನ್ನು ಕಳುಹಿಸೆಂದು ಹೇಳಿದೆವು. ಅವರು ಮೌಸಿಗಿಂತ ಕೀಲಿಮಣೆಯನ್ನೇ ಮೊದಲು ಕಲಿತವರು. ಕರೆಪಟ್ಟಿಯನ್ನು ತೆರೆಯುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. 'ಥೈರಾಯ್ಡ್' ಎಂದು ಒತ್ತಿದರು, ಇಲ್ಲ. ಅಲ್ಪಪ್ರಾಣದಲ್ಲಿ 'ತೈರಾಯ್ಡ್' ಎಂದು ಒತ್ತಿದರು, ಇಲ್ಲ. 'ರಕ್ತ' ಎಂದು ಒತ್ತಿದರು; ಅದೂ ಇಲ್ಲ.

"ರೀ, ಏನೆಂದು ಹೆಸರಿಟ್ಟಿದ್ದೀರಿ ಇದಕ್ಕೆ?" ಎಂದು ಅವರು ಕೇಳಿದರು.

ನಮಗೆ ಆಗ ನೆನಪಾಯಿತು. ಅದರ ಹೆಸರು 'ಗಲಗ್ರಂಥಿಶೋಣಿತಪರೀಕ್ಷಾವಿವರ'.

ವೈದ್ಯರ ಎದುರಿಗೆ ಕುಳಿತು, ಫೋನಿನಲ್ಲಿ, 'ಶೋಣಿತ'ದಲ್ಲಿ ಯಾವ ಶಕಾರ, ಯಾವ ಣಕಾರ ಎಂದು ಬಿಡಿಸಿ ಹೇಳಲು ತೊಡಗಿದೆವು. ಅಷ್ಟರಲ್ಲಿ ಫೋನಿನ ಧ್ವನಿಯು ಕಡಿದುಹೋಯಿತು. ಹೊರಗೆ ಇನ್ನೂ ಹದಿನೈದು ಮಂದಿ ಕಾದಿದ್ದರು. ವರದಿಯೊಡನೆ ಮುಂದಿನ ವಾರ ಬನ್ನಿರೆಂದು ವೈದ್ಯರು ಹೇಳಿ ಕಳುಹಿಸಿದರು. ಒಂದು ವಾರದ ತಡದಿಂದ ಹೆಚ್ಚಿನ ಕೇಡೇನೂ ಆಗಲಿಲ್ಲ. ಗ್ರಂಥಿಯಲ್ಲಿ ದೋಷವಿಲ್ಲವೆಂದು ಆಮೇಲೆ ತಿಳಿಯಿತು. ಆದರೆ ಆ ದಿನ ಎದೆನೋವಿನಿಂದ ಮಲಗಿದವರು ನಾವಾಗಿದ್ದು, ಮಾತನಾಡುವ ಶಕ್ತಿಯಿಲ್ಲದಿದ್ದಿದ್ದರೆ? ಬೇಕಾದ ಕಾಗದವು ಮನೆಯಲ್ಲಿಯೇ ಇದ್ದೂ ಮನೆಯವರಿಗೆ ಸಿಕ್ಕುತ್ತಿರಲಿಲ್ಲ. ಬೀಗವನ್ನು ಹಾಕಿ ಬೀಗದಕೈಯನ್ನು ನಾವೇ ನುಂಗಿದಂತೆ ಆಗುತ್ತಿದ್ದಿತು.

ಮನೆಗೆ ಬಂದಾಗ ಅವರು ಬೈಯಲಿಲ್ಲ. ಕಾಫಿಯನ್ನು ತಂದಿಟ್ಟು, "ಮಗುವಿಗೆ ನಾಮಕರಣದಲ್ಲಿ ಇಡುವ ಹೆಸರು ಒಂದು, ಬೀದಿಯಲ್ಲಿ ಆಡುತ್ತಿದ್ದರೆ ಕೂಗಿ ಕರೆಯುವ ಹೆಸರು ಒಂದು. ನೀವು ನಾಮಕರಣದ್ದನ್ನು ಮಾತ್ರ ಇಟ್ಟಿದ್ದೀರಿ," ಎಂದರು.

ನಲವತ್ತು ವರ್ಷ ಶಬ್ದಗಳ ವಿಷಯವನ್ನೇ ಓದಿದ ನಮಗೆ ಈ ಮಾತು ಹೊಳೆದಿರಲಿಲ್ಲ. ಹೆಸರು ಹಿಡಿದು ಕರೆಯುವ ಕ್ರಮದಲ್ಲಿ ಹೆಸರು ಗೊತ್ತಿದ್ದವನಿಗೆ ಮಾತ್ರ ಬಾಗಿಲು ತೆರೆಯುವುದು. ಕರೆಪಟ್ಟಿಗೆ ಅಕ್ಷರವು ತಿಳಿಯುವುದೇ ಹೊರತು ಅರ್ಥವು ತಿಳಿಯದು. ಶೋಣಿತವೂ ರಕ್ತವೂ ಒಂದೇ ಎಂಬುದನ್ನು ನಾವು ಬಳಸುವ ಈ ಪಟ್ಟಿಯು ಅರಿಯದು. ಆದುದರಿಂದ ಮನೆಯ ಕಾಗದಪತ್ರಗಳಿಗೆ ಇಡುವ ಹೆಸರು ಮನೆಯವರೆಲ್ಲರ ಬಾಯಲ್ಲಿರುವ ಹೆಸರಾಗಿರಬೇಕು. ನಮ್ಮೊಬ್ಬರ ಪಾಂಡಿತ್ಯಕ್ಕೆ ಒಪ್ಪುವುದು ಸಾಲದು.

ಆ ಭಾನುವಾರ ಇಬ್ಬರೂ ಕುಳಿತು ಮುಖ್ಯವಾದ ಕಡತಗಳೆಲ್ಲಕ್ಕೂ ಹೆಸರನ್ನು ಬದಲಿಸಿದೆವು. ಹೆಸರುಗಳನ್ನು ಅವರು ಹೇಳಿದರು, ನಾವು ಬರೆದೆವು. 'ಥೈರಾಯ್ಡ್ ರಕ್ತ ಪರೀಕ್ಷೆ', 'ಮನೆ ಕಂದಾಯ ರಸೀದಿ', 'ಗ್ಯಾಸ್ ಪುಸ್ತಕ', 'ಪಿಂಚಣಿ ಕಾಗದ', ಹೀಗೆ. ಒಂದೊಂದರ ಕೊನೆಯಲ್ಲಿಯೂ ವರ್ಷವನ್ನು ಸೇರಿಸಿದೆವು. ಕರೆಪಟ್ಟಿಯು ಹೆಸರಿನ ಯಾವ ಭಾಗವನ್ನು ಹೇಳಿದರೂ ಗುರುತಿಸುವುದರಿಂದ ಒಬ್ಬರು 'ರಕ್ತ' ಎಂದರೂ ಇನ್ನೊಬ್ಬರು 'ಥೈರಾ' ಎಂದರೂ ಅದೇ ವರದಿಯು ಬರುತ್ತದೆ. 'ಹೊಸದು', 'ಕೊನೆಯದು', 'ನಿಜವಾದ ಕೊನೆಯದು' ಎಂಬ ಹೆಸರಿನ ಕಡತಗಳು ನಮ್ಮಲ್ಲಿ ಆರು ಇದ್ದವು. ಅವನ್ನೆಲ್ಲ ಒಂದೊಂದಾಗಿ ತೆರೆದು ನೋಡಿ ಹೆಸರಿಟ್ಟೆವು. ಬಹುಮುಖ್ಯವಾದ ಹತ್ತು ಹೆಸರುಗಳನ್ನು ಕಾಗದದ ಮೇಲೆ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದೆವು.

ನಮ್ಮ ಟಿಪ್ಪಣಿಗಳಿಗೆ ಮಾತ್ರ ಹಳೆಯ ಹೆಸರುಗಳೇ ಇವೆ. ಅವನ್ನು ಕರೆಯುವವರು ನಾವೊಬ್ಬರೇ.

ಇಂತಹ ಅನುಕೂಲವು ಲಿನಕ್ಸಿನಲ್ಲಿ ಮಾತ್ರ ಉಂಟೆಂದು ವಾಚಕರು ಭಾವಿಸಬಾರದು. ವಿಂಡೋಸ್ ಇರುವವರು ಕೀಲಿಮಣೆಯ ಕೆಳಸಾಲಿನಲ್ಲಿ ಕಿಟಕಿಯ ಗುರುತಿರುವ ಕೀಯನ್ನು ಒತ್ತಿ, ಬಿಟ್ಟು, ತಂತ್ರಾಂಶದ ಹೆಸರಿನ ಮೊದಲಕ್ಷರಗಳನ್ನು ಒತ್ತಿ ನೋಡಬಹುದು. ೨೦೦೭ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಸ್ಟಾರ್ಟ್ ಮೆನುವಿನೊಳಗೇ ಹುಡುಕುವ ಸೌಕರ್ಯವು ಸೇರಿತು. ಅದೇ ಮೈಕ್ರೋಸಾಫ್ಟ್ ಸಂಸ್ಥೆಯವರು ೨೦೨೦ರಲ್ಲಿ ಪವರ್‌ಟಾಯ್ಸ್ ರನ್ ಎಂಬ ಬೇರೆಯ ಕರೆಪಟ್ಟಿಯನ್ನೂ ಕೊಟ್ಟರು. ಆಪಲ್ ಸಂಸ್ಥೆಯ ಕಂಪ್ಯೂಟರುಗಳಲ್ಲಿ ೨೦೦೫ರಿಂದ ಸ್ಪಾಟ್‌ಲೈಟ್ ಎಂಬುದಿದೆ. ಕಮಾಂಡ್ ಕೀಯನ್ನು ಹಿಡಿದು ಸ್ಪೇಸ್ ಕೀಯನ್ನು ಒತ್ತಿದರೆ ತೆರೆಯುವುದು. ಸಣ್ಣ ಲೆಕ್ಕಗಳನ್ನೂ ಅದರಲ್ಲಿಯೇ ಮಾಡಬಹುದು. ವಿಂಡೋಸಿನಲ್ಲಿ ಕಡತದ ಹೆಸರನ್ನು ಬದಲಿಸಬೇಕಾದರೆ ಅದನ್ನು ಆರಿಸಿ ಎಫ್ ೨ ಕೀಯನ್ನು ಒತ್ತಿದರಾಯಿತು. ಅದಕ್ಕೂ ಮೌಸು ಬೇಕಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳಿ ಮುಗಿಸುವೆವು. ಮೊದಲನೆಯದು: ಕೆಲವು ಕರೆಪಟ್ಟಿಗಳು ಒತ್ತಿದ ಅಕ್ಷರಗಳನ್ನು ಮನೆಯ ಯಂತ್ರದಲ್ಲಿ ಹುಡುಕುವುದಲ್ಲದೆ ಅಂತರ್ಜಾಲಕ್ಕೂ ಕಳುಹಿಸುತ್ತವೆ. ಆದ್ದರಿಂದ ಗುಪ್ತಪದವನ್ನಾಗಲಿ ಬ್ಯಾಂಕಿನ ಖಾತೆಯ ಸಂಖ್ಯೆಯನ್ನಾಗಲಿ ಅಲ್ಲಿ ಒತ್ತಬಾರದು. ಎರಡನೆಯದು: ಮೌಸನ್ನೂ ಮೆನುವನ್ನೂ ಯಾರೂ ಮನೆಯಿಂದ ಹೊರಹಾಕಬೇಕಾಗಿಲ್ಲ. ಹೆಸರು ತಿಳಿಯದವರಿಗೆ, ಹೊಸತಾಗಿ ಕಲಿಯುವ ಮಕ್ಕಳಿಗೆ, ಚಿತ್ರ ಬರೆಯುವವರಿಗೆ ಅವು ಬೇಕು. ಶಾಲೆಯಲ್ಲಿಯೂ ಮೊದಲ ವಾರ ಬೆರಳು ತೋರಿಸಿಯೇ ಕರೆಯುತ್ತೇವಲ್ಲವೇ?

ನಮ್ಮ ಕೈಯ ನಡುಕವು ಹೋಗಿಲ್ಲ. ಪೂರ್ತಿಯಾಗಿ ಹೋಗುವುದೆಂಬ ಭರವಸೆಯನ್ನು ವೈದ್ಯರೂ ಕೊಟ್ಟಿಲ್ಲ. ಟಿಪ್ಪಣಿಗಳು ಮಾತ್ರ ದಿನಕ್ಕೊಂದು ಪುಟದಂತೆ ಮುಂದುವರಿಯುತ್ತಿವೆ. ಮೊನ್ನೆ ಸಂಜೆ ನಾವು ಹೊರಗಿನಿಂದ ಬರುವಷ್ಟರಲ್ಲಿ ನಮ್ಮ ಮನೆಯವರು ಕಂದಾಯದ ರಸೀದಿಯನ್ನು ತಾವೇ ಕರೆದು, ನೋಡಬೇಕಾದವರಿಗೆ ತೋರಿಸಿ, ಯಂತ್ರವನ್ನು ಆರಿಸಿ, ತುಳಸಿಕಟ್ಟೆಯ ಮುಂದೆ ದೀಪವಿಡುತ್ತಿದ್ದರು. ನಮ್ಮನ್ನು ಏನೂ ಕೇಳಬೇಕಾಗಿ ಬರಲಿಲ್ಲ.